ಕಾಂಟ್ರಾಸ್ಟ್ ಸಿಟಿ ಸ್ಕ್ಯಾನ್‌ಗೆ ಬರುವವರು ಖಾಲಿ ಹೊಟ್ಟೆಗಿಂತ ಮೊದಲು ಗಮನಿಸಬೇಕಾದದ್ದು

ಡೈ (ಚಿತ್ರ ಸ್ಪಷ್ಟವಾಗಿ ಕಾಣಲು ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ದ್ರವ) ಹಾಕಿ ಸಿಟಿ ಸ್ಕ್ಯಾನ್ ಮಾಡಿಸಿ ಎಂದು ಡಾಕ್ಟರು ಬರೆದುಕೊಟ್ಟ ಕೂಡಲೇ ಮನೆಯವರು ಕೇಳುವುದು ಒಂದೇ ಪ್ರಶ್ನೆ: "ಖಾಲಿ ಹೊಟ್ಟೇಲಿ ಬರಬೇಕಾ?" ಅದನ್ನು ಎಷ್ಟು ಶ್ರದ್ಧೆಯಿಂದ ಪಾಲಿಸುತ್ತಾರೆ ಎಂದರೆ, ರಾತ್ರಿ ಊಟವಾದ ಮೇಲೆ ಗುಟುಕು ನೀರನ್ನೂ ಕುಡಿದಿರುವುದಿಲ್ಲ, ಬೆಳಗಿನ ಬಿಪಿ ಮಾತ್ರೆಯನ್ನೂ ಬಿಟ್ಟಿರುತ್ತಾರೆ. ಸ್ಕ್ಯಾನ್ ರೂಮಿನಲ್ಲಿ ಕೆಲಸ ಮಾಡುವ ನಮಗೆ ಇದೇ ದೊಡ್ಡ ತಲೆನೋವು. ನೀರಿಲ್ಲದೆ ಒಣಗಿದ ಮೈಯಲ್ಲಿ ರಕ್ತನಾಳ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಡೈಯನ್ನು ಸೋಸಿ ಹೊರಹಾಕಬೇಕಾದ ಕಿಡ್ನಿಗೆ ಹೊರೆ ಹೆಚ್ಚುತ್ತದೆ.

ಉಪವಾಸದ ಪದ್ಧತಿ ಬಂದದ್ದು ವಾಂತಿಯ ಭಯದಿಂದ. ಹಳೆಯ ಅಯಾನಿಕ್ ಡೈಗಳಲ್ಲಿ ವಾಂತಿ ಹೆಚ್ಚು. ಈಗ ಬಳಸುವ ಅಯೋಹೆಕ್ಸಾಲ್, ಅಯೋಡಿಕ್ಸನಾಲ್ ತರಹದವುಗಳಲ್ಲಿ ಅದು ತೀರಾ ಕಡಿಮೆಯಾಗಿದೆ. ಯುರೋಪಿನ ರೇಡಿಯಾಲಜಿ ಮಾರ್ಗಸೂಚಿಯಂತೂ ಇವುಗಳಿಗೆ ಉಪವಾಸ ಬೇಡವೆಂದೇ ಹೇಳುತ್ತದೆ. ನಮ್ಮ ಕಡೆ ಅನೇಕ ಸೆಂಟರ್‌ಗಳು ಈಗಲೂ 4 ಗಂಟೆ ಎನ್ನುತ್ತವೆ. ಅವರು ಹೇಳಿದಷ್ಟು ಹೊತ್ತು ಊಟ ಬಿಡಿ, ಆದರೆ ಬಿಡಬೇಕಾದದ್ದು ಇಡ್ಲಿ, ಅನ್ನ, ರೊಟ್ಟಿಯನ್ನೇ ಹೊರತು ನೀರನ್ನಲ್ಲ. ಬಿಪಿ, ಹೃದಯ, ಫಿಟ್ಸ್ ಮಾತ್ರೆಗಳನ್ನು ಎಂದಿನಂತೆ ನೀರಿನ ಜೊತೆ ನುಂಗಿಯೇ ಬನ್ನಿ. ಮದ್ದು ಕೊಟ್ಟು ಮಲಗಿಸಿ ಸ್ಕ್ಯಾನ್ ಮಾಡುವ ಮಕ್ಕಳ ವಿಷಯ ಬೇರೆ, ಅಲ್ಲಿ ಅರಿವಳಿಕೆ ಡಾಕ್ಟರು ಹೇಳಿದ್ದೇ ಲೆಕ್ಕ. ಡಯಾಲಿಸಿಸ್‌ನಲ್ಲಿರುವವರು, ಹೃದಯದ ತೊಂದರೆಗೆ ನೀರು ಮಿತಿ ಮಾಡಿಸಿಕೊಂಡವರು ಆ ಮಿತಿಯನ್ನು ದಾಟಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ಬೆಳಗಿನ ಮೊದಲ ಸರದಿಯನ್ನೇ ಕೇಳಿ ಪಡೆಯಿರಿ. ಇನ್ಸುಲಿನ್ ಹಾಕಿಕೊಂಡು ಊಟವಿಲ್ಲದೆ ಮಧ್ಯಾಹ್ನದವರೆಗೆ ಕಾದರೆ ಶುಗರ್ ಇಳಿದು ಕುರ್ಚಿಯಲ್ಲೇ ಬೆವರಿ ಒರಗುತ್ತಾರೆ. ಆ ದಿನದ ಡೋಸ್ ಎಷ್ಟು ಎಂದು ನಿಮ್ಮ ಡಾಕ್ಟರನ್ನು ಮೊದಲೇ ಕೇಳಿರಬೇಕು.

ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ, ಅಂದರೆ ಕ್ರಿಯಾಟಿನಿನ್ ರಿಪೋರ್ಟ್, ಹೊಸದಿರಲಿ. "ನಾರ್ಮಲ್ ಇದೆ" ಎಂಬ ಮಾತಷ್ಟೇ ಸಾಲದು. 25ರ ಹುಡುಗನಿಗೆ 1.1 ಇದ್ದರೆ ಇಜಿಎಫ್‌ಆರ್, ಅಂದರೆ ಕಿಡ್ನಿ ಸೋಸುವ ಪ್ರಮಾಣ, 95ರ ಹತ್ತಿರ ಬರುತ್ತದೆ. ಅದೇ 1.1 ಇರುವ 75ರ ಅಜ್ಜಿಗೆ ಬರುವುದು 52ರ ಆಸುಪಾಸು. 30ಕ್ಕಿಂತ ಕೆಳಗಿದ್ದರೆ ಡೈ ಬೇಕೇಬೇಕಾ, ಸಲೈನ್ ಕೊಟ್ಟು ಮಾಡೋಣವಾ, ಬೇರೆ ಪರೀಕ್ಷೆ ಸಾಕಾ ಎಂದು ರೇಡಿಯಾಲಜಿಸ್ಟ್ ಮತ್ತು ನಿಮ್ಮ ಡಾಕ್ಟರು ಸೇರಿ ತೀರ್ಮಾನಿಸುತ್ತಾರೆ.

ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಬಗ್ಗೆ ಗೊಂದಲ ಬಹಳ. ಆ ಮಾತ್ರೆ ಕಿಡ್ನಿ ಕೆಡಿಸುವುದಿಲ್ಲ, ಡೈ ಜೊತೆ ಸೇರಿ ವಿಷವೂ ಆಗುವುದಿಲ್ಲ. ಡೈಯಿಂದ ಕಿಡ್ನಿ ಸೊರಗಿದರೆ ಮಾತ್ರ ಅದು ದೇಹದಲ್ಲೇ ಉಳಿದು ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಅಪಾಯ ಇದೆ. ಹಾಗಾಗಿ ಕಿಡ್ನಿ ದುರ್ಬಲ ಇದ್ದವರಿಗೆ ಸ್ಕ್ಯಾನ್ ಹೊತ್ತಿನಿಂದ 48 ಗಂಟೆ ನಿಲ್ಲಿಸಿ, ಕ್ರಿಯಾಟಿನಿನ್ ಮತ್ತೆ ನೋಡಿ ಶುರು ಮಾಡಿಸುತ್ತಾರೆ. ಕೆಲವು ಸೆಂಟರ್‌ಗಳು ಎಲ್ಲರಿಗೂ ನಿಲ್ಲಿಸುತ್ತವೆ. ತೊಡಕು ಬೇರೆ ಕಡೆ ಇದೆ: "ನಾನು ಮೆಟ್‌ಫಾರ್ಮಿನ್ ತಗೊಳಲ್ಲ" ಎನ್ನುವವರ ಚೀಲದಲ್ಲಿ ಹೆಸರಿನ ಕೊನೆಗೆ 'ಎಂ' ಎಂದಿರುವ ಜೋಡಿ ಮಾತ್ರೆ ಇರುತ್ತದೆ. ಗ್ಲಿಮೆಪಿರೈಡ್‌ನಂಥ ಇನ್ನೊಂದು ಶುಗರ್ ಔಷಧಿಯ ಜೊತೆ ಮೆಟ್‌ಫಾರ್ಮಿನ್ ಅದರೊಳಗೇ ಇದೆ. ಬಾಯಲ್ಲಿ ಹೇಳಬೇಡಿ, ಸ್ಟ್ರಿಪ್‌ಗಳನ್ನೇ ತನ್ನಿ.

ಅಲರ್ಜಿ ಕೇಳಿದಾಗ ಸಿಗಡಿ, ಮೀನು ಎಂದು ಹೇಳುವವರಿದ್ದಾರೆ. ಅದಕ್ಕೂ ಡೈಗೂ ವಿಶೇಷ ನಂಟಿಲ್ಲ. ನಮಗೆ ಬೇಕಾದದ್ದು ಹಿಂದೆ ಡೈ ಹಾಕಿದಾಗ ಗಂಧೆ ಎದ್ದಿತ್ತಾ, ಉಸಿರು ಕಟ್ಟಿತ್ತಾ, ಆಸ್ತಮಾ ಇದೆಯಾ ಎಂಬುದು. ಮೊದಲೇ ಗೊತ್ತಾದರೆ ಡಾಕ್ಟರು ಸ್ಟೆರಾಯ್ಡ್ ಮಾತ್ರೆ ಬರೆಯಬಹುದು. ರೂಢಿಯ ಕ್ರಮದಲ್ಲಿ ಅದನ್ನು 13, 7 ಮತ್ತು 1 ಗಂಟೆ ಮುಂಚೆ ಕೊಡುತ್ತಾರೆ, ಆದ್ದರಿಂದ ಟೇಬಲ್ ಹತ್ತುವಾಗ ನೆನಪಾದರೆ ಸ್ಕ್ಯಾನ್ ಮುಂದಕ್ಕೆ ಹೋಗುತ್ತದೆ. ಥೈರಾಯ್ಡ್ ಜಾಸ್ತಿ ಇದ್ದರೆ, ಮುಟ್ಟು ತಪ್ಪಿದ್ದರೆ ಹೇಳಲೇಬೇಕು. ಎದೆಹಾಲು ಕುಡಿಸುವವರು ನಿಲ್ಲಿಸಬೇಕಿಲ್ಲ. ಹಾಲಿಗೆ ಹೋಗುವ ಡೈ ಶೇಕಡಾ 1ಕ್ಕೂ ಕಡಿಮೆ.

ಇನ್ನು ಸೂಜಿ. ವಾರ್ಡಿನಿಂದ ಬರುವ ಎಷ್ಟೋ ಜನರ ಮುಂಗೈ ಮೇಲೆ ನೀಲಿ ಅಥವಾ ಹಳದಿ ಬಣ್ಣದ ಸಣ್ಣ ಕ್ಯಾನುಲಾ (ನಾಳದೊಳಗೆ ಕೂರಿಸಿದ ಕೊಳವೆ) ಇರುತ್ತದೆ. ಗ್ಲೂಕೋಸ್ ಹನಿಸಲು ಅದು ಸಾಕು, ನಮ್ಮ ಕೆಲಸಕ್ಕೆ ಸಾಮಾನ್ಯವಾಗಿ ಸಾಲದು. ಇಂಜೆಕ್ಟರ್ ಯಂತ್ರ ಹೊಟ್ಟೆಯ ಸ್ಕ್ಯಾನ್‌ಗೆ ಸೆಕೆಂಡಿಗೆ ಸುಮಾರು 3 ಎಂಎಲ್, ರಕ್ತನಾಳಗಳನ್ನು ನೋಡುವ ಆಂಜಿಯೋಗ್ರಾಂಗೆ 4ರಿಂದ 5 ಎಂಎಲ್ ವೇಗದಲ್ಲಿ 80ರಿಂದ 100 ಎಂಎಲ್ ಡೈ ನೂಕುತ್ತದೆ. ಅದಕ್ಕೆ ಮೊಣಕೈ ಮಡಿಕೆಯ ದಪ್ಪ ನಾಳದಲ್ಲಿ ಗುಲಾಬಿ ಬಣ್ಣದ 20 ಗೇಜ್, ಆಂಜಿಯೋಗೆ ಸಾಧ್ಯವಾದರೆ ಹಸಿರು 18 ಗೇಜ್ ಬೇಕು (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ಕೊಳವೆ ದಪ್ಪ). ಡಯಾಲಿಸಿಸ್‌ಗಾಗಿ ನಾಳಗಳನ್ನು ಜೋಡಿಸಿದ (ಫಿಸ್ಟುಲಾ) ಕೈ ಮುಟ್ಟುವಂತಿಲ್ಲ. ಸ್ತನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಿದ್ದರೆ ಆ ಕಡೆಯ ಕೈಯನ್ನೂ ಆದಷ್ಟು ಬಿಡುತ್ತೇವೆ. ಯಂತ್ರಕ್ಕೆ ಜೋಡಿಸುವ ಮುನ್ನ ಸಿರಿಂಜಿನಲ್ಲಿ 10 ಎಂಎಲ್ ಸಲೈನ್ ಜೋರಾಗಿ ತಳ್ಳಿ, ಸೂಜಿಯ ತುದಿ ಇರುವ ಜಾಗದ ಮೇಲೆ ಬೆರಳಿಟ್ಟು ನೋಡುತ್ತೇವೆ. ಚರ್ಮದಡಿ ಉಬ್ಬು ತಗುಲಿದರೆ, ರೋಗಿ "ಉರೀತಿದೆ" ಎಂದರೆ, ಅದು ಬೇಡ, ಹೊಸದು ಹಾಕಬೇಕು. ಎರಡನೇ ಸಲ ಚುಚ್ಚುವುದಕ್ಕೆ ಬೇಸರ ಪಡುವವರಿಗೆ ಒಂದು ಮಾತು: ಸಲೈನ್ ಹೊರಗೆ ಸೋರಿದರೆ ಇಂಗಿಹೋಗುತ್ತದೆ, 100 ಎಂಎಲ್ ಡೈ ಸೋರಿದರೆ ತೋಳು ಬಿಗಿದು ಚರ್ಮಕ್ಕೂ ಸ್ನಾಯುವಿಗೂ ಹಾನಿಯಾಗಬಹುದು.

ಡೈ ಹೋಗುವಾಗ ಗಂಟಲು, ಎದೆ, ಕಿಬ್ಬೊಟ್ಟೆ ಬೆಚ್ಚಗಾಗುತ್ತದೆ, ಬಾಯಿಗೆ ಲೋಹದ ರುಚಿ ಬರುತ್ತದೆ, ಮೂತ್ರ ಹೋಯಿತೇನೋ ಅನ್ನಿಸುತ್ತದೆ. ಹೋಗಿರುವುದಿಲ್ಲ. ಇದನ್ನು ಮುಂಚೆಯೇ ಹೇಳದಿದ್ದರೆ ರೋಗಿ ಬೆಚ್ಚಿ ಅಲುಗಾಡುತ್ತಾರೆ, ಚಿತ್ರ ಮಸುಕಾಗುತ್ತದೆ. ಆದರೆ ಸೂಜಿಯ ಜಾಗದಲ್ಲಿ ನೋವು, ಕೆಮ್ಮು, ಗಂಟಲು ತುರಿಕೆ ಬಂದರೆ ಸುಮ್ಮನೆ ಸಹಿಸಬೇಡಿ, ಕೂಗಿ ಹೇಳಿ. ಮೈಕ್ ತೆರೆದೇ ಇರುತ್ತದೆ.

ಸರ, ಓಲೆ, ಹೇರ್‌ಪಿನ್‌ನಲ್ಲಿ ಸ್ಕ್ಯಾನ್ ಆಗುವ ಭಾಗದ ಮೇಲಿರುವವನ್ನು ತೆಗೆದರೆ ಸಾಕು. ಎಂಆರ್‌ಐ ಹಾಗೆ ಇಲ್ಲಿ ಆಯಸ್ಕಾಂತದ ಅಪಾಯವಿಲ್ಲ, ಚಿತ್ರದಲ್ಲಿ ಬಿಳಿ ಗೆರೆ ಬರುತ್ತದೆ ಅಷ್ಟೇ. ಹೊಟ್ಟೆಯ ಸ್ಕ್ಯಾನ್‌ಗೆ ಕುಡಿಯಲು 1ರಿಂದ 1.5 ಲೀಟರ್ ನೀರೋ ಡೈ ಬೆರೆಸಿದ ನೀರೋ ಕೊಟ್ಟರೆ, ಅದನ್ನು ಒಂದೇ ಸಲ ಗಟಗಟ ಕುಡಿಯದೆ ಸುಮಾರು ಒಂದು ಗಂಟೆಗೆ ಹಂಚಿಕೊಳ್ಳಿ. ಒಮ್ಮೆಲೇ ಕುಡಿದರೆ ವಾಂತಿಯಾಗುತ್ತದೆ, ಕರುಳೂ ಸಮವಾಗಿ ತುಂಬುವುದಿಲ್ಲ.

ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ಅಲ್ಲಿಯವರೆಗೆ ಕ್ಯಾನುಲಾ ತೆಗೆಯುವುದಿಲ್ಲ. ಜೋರಾದ ರಿಯಾಕ್ಷನ್‌ಗಳಲ್ಲಿ ಹೆಚ್ಚಿನವು ಬರುವುದು ಈ ಹೊತ್ತಿನಲ್ಲೇ, ಔಷಧಿ ಕೊಡಲು ದಾರಿ ಸಿದ್ಧವಿರಬೇಕು. ಚರ್ಮದ ಮೇಲಿನ ದದ್ದು ಒಂದು ವಾರದೊಳಗೆ ಯಾವಾಗ ಬೇಕಾದರೂ ಏಳಬಹುದು. ಹಾಗಾದರೆ ಸೆಂಟರ್‌ಗೆ ತಿಳಿಸಿ, ಹಾಕಿದ ಡೈಯ ಹೆಸರು ಮತ್ತು ಪ್ರಮಾಣವನ್ನು ರಿಪೋರ್ಟಿನಲ್ಲಿ ಬರೆಸಿಕೊಳ್ಳಿ. ಬರೀ "ಡೈ ಅಲರ್ಜಿ" ಎಂದಿದ್ದರೆ ಮುಂದಿನ ಸಲ ಯಾವುದನ್ನು ಬಿಟ್ಟು ಯಾವುದನ್ನು ಹಾಕಬೇಕು ಎಂದು ತಿಳಿಯುವುದಿಲ್ಲ.