ಉಪ್ಪು ಹೋದಲ್ಲಿಗೆ ನೀರು

ಪ್ರಥಮ ಪಿಯುಸಿಯವರಿಗೆ ಕೋಶಪೊರೆಯ ಪಾಠ ಆರಂಭಿಸುವಾಗ ನಾನು ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೋಶಕ್ಕೆ ಶಕ್ತಿ ಒದಗಿಸುವ ಅಣುವಾದ ಎಟಿಪಿಯನ್ನು ಖರ್ಚು ಮಾಡಿ ನೀರಿನ ಅಣುಗಳನ್ನೇ ನೇರವಾಗಿ ಆಚೆ ದೂಡುವ ಪಂಪ್ ಯಾವ ಕೋಶಪೊರೆಯಲ್ಲಿಯೂ ಕಂಡುಬಂದಿಲ್ಲ. ಕೋಶವು ಶ್ರಮಪಟ್ಟು ಸಾಗಿಸುವುದು ಉಪ್ಪಿನ ಅಯಾನುಗಳನ್ನು, ಸಕ್ಕರೆಯನ್ನು. ನೀರು ಅವುಗಳ ಹಿಂದೆ ತಾನಾಗಿ ಹೋಗುತ್ತದೆ. ವಿಸರಣೆ (ಕಣಗಳು ದಟ್ಟವಾಗಿರುವಲ್ಲಿಂದ ವಿರಳವಾಗಿರುವಲ್ಲಿಗೆ ಹರಡುವುದು), ಅಭಿಸರಣೆ (ಪೊರೆಯ ಮೂಲಕ ನೀರು ಗಾಢ ದ್ರಾವಣದ ಕಡೆಗೆ ಸಾಗುವುದು), ಸಕ್ರಿಯ ಸಾಗಣೆ (ಶಕ್ತಿ ಖರ್ಚು ಮಾಡಿ ಸಾಗಿಸುವುದು) ಎಂದು ಪುಸ್ತಕದಲ್ಲಿ ಬೇರೆ ಬೇರೆ ತಲೆಬರಹಗಳ ಅಡಿಯಲ್ಲಿ ಬರುವ ಸಂಗತಿಗಳು ಜೀವಂತ ಕೋಶದಲ್ಲಿ ಒಂದನ್ನೊಂದು ಬಿಟ್ಟು ನಡೆಯುವುದಿಲ್ಲ. ಇದು ಮನಸ್ಸಿಗೆ ಬಂದರೆ ಉಳಿದ ಪಾಠ ಬಾಯಿಪಾಠದ ವಿಷಯವಾಗಿ ಉಳಿಯುವುದಿಲ್ಲ.

ಉಡುಪಿ ಕಡೆಯ ಮನೆಗಳಲ್ಲಿ ಮಾವಿನ ಮಿಡಿಯನ್ನು ಉಪ್ಪಿಗೆ ಹಾಕುವ ಕ್ರಮ ಮಕ್ಕಳಿಗೆಲ್ಲ ಗೊತ್ತಿರುತ್ತದೆ. ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹಾಕುತ್ತಾರೆಯೇ ಹೊರತು ಹನಿ ನೀರನ್ನೂ ಸೇರಿಸುವುದಿಲ್ಲ. ಆದರೂ ಕೆಲವು ದಿನಗಳಲ್ಲಿ ಮಿಡಿಗಳು ಚಿರುಟಿ, ಭರಣಿಯಲ್ಲಿ ಉಪ್ಪುನೀರು ನಿಂತಿರುತ್ತದೆ. ಆ ನೀರೆಲ್ಲ ಮಿಡಿಯ ಕೋಶಗಳೊಳಗಿನದು. ಆದರೆ ನಾನು ವಿದ್ಯಾರ್ಥಿಗಳಿಗೆ ಕೇಳುವ ಪ್ರಶ್ನೆ ಬೇರೆ: ಕೋಶಪೊರೆ ಉಪ್ಪನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ ಎಂದಾದರೆ, ಕೊನೆಗೆ ಮಿಡಿಯ ಒಳಭಾಗವೂ ಉಪ್ಪಾಗುವುದು ಹೇಗೆ? ಪೊರೆ ಬದುಕಿರುವಷ್ಟು ಕಾಲ ನೀರು ಹೊರಬರುತ್ತದೆ, ಉಪ್ಪು ಬಹುಪಾಲು ಹೊರಗೇ ಉಳಿಯುತ್ತದೆ. ನೀರು ಕಳೆದುಕೊಂಡ ಕೋಶ ಸತ್ತ ಮೇಲೆ ಪೊರೆಯ ತಡೆ ಮುರಿದುಬೀಳುತ್ತದೆ, ಆಗ ಉಪ್ಪು ಒಳಗಿಳಿಯುತ್ತದೆ. ಕೋಶಪೊರೆಯು ಆಯ್ದು ಬಿಡುವ ಪೊರೆ ಎಂಬ ಮಾತಿಗೆ ಜೀವ ಇರುವ ತನಕ ಮಾತ್ರ ಅರ್ಥವಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದನ್ನೇ ಪ್ರಯೋಗಶಾಲೆಯಲ್ಲಿ ಕಣ್ಣಾರೆ ನೋಡಬಹುದು. ರಿಯೋ ಗಿಡದ ಎಲೆಯ ಅಡಿಭಾಗದಿಂದ ನೇರಳೆ ಬಣ್ಣದ ತೆಳು ಸಿಪ್ಪೆಯನ್ನು ಎಬ್ಬಿಸಿ, ಸ್ಲೈಡಿನ ಮೇಲೆ ಒಂದು ಹನಿ ಗಾಢ ಉಪ್ಪಿನ ದ್ರಾವಣ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕುಳಿತರೆ, ಕೋಶದ ತುಂಬ ಹರಡಿದ್ದ ಬಣ್ಣ ಮೂಲೆಗಳಿಂದ ಬಿಟ್ಟುಕೊಂಡು ಮಧ್ಯಕ್ಕೆ ಸರಿಯುತ್ತದೆ ಮತ್ತು ಸರಿದಷ್ಟೂ ದಟ್ಟವಾಗುತ್ತದೆ. ಕೋಶದೊಳಗಿನ ರಸ ತುಂಬಿದ ಚೀಲವಾದ ರಸದಾನಿಯಿಂದ ನೀರು ಹೋಗಿದೆ, ಬಣ್ಣ ಹೋಗಿಲ್ಲ. ಕೋಶಭಿತ್ತಿ ಮಾತ್ರ ಇದ್ದಲ್ಲಿಯೇ ಚೌಕಟ್ಟಿನಂತೆ ನಿಂತಿರುತ್ತದೆ. ಭಿತ್ತಿಗೂ ಕುಗ್ಗಿದ ಪೊರೆಗೂ ನಡುವಿನ ಜಾಗದಲ್ಲಿ ಏನಿದೆ ಎಂದರೆ ಹೆಚ್ಚಿನವರು ಗಾಳಿ ಅಥವಾ ಏನೂ ಇಲ್ಲ ಎನ್ನುತ್ತಾರೆ. ಅಲ್ಲಿರುವುದು ನಾವು ಬಿಟ್ಟ ಉಪ್ಪಿನ ದ್ರಾವಣವೇ, ಏಕೆಂದರೆ ಭಿತ್ತಿ ಅದನ್ನು ತಡೆಯುವುದಿಲ್ಲ. ತಡಮಾಡದೆ ಶುದ್ಧ ನೀರು ಬಿಟ್ಟರೆ ಬಣ್ಣ ಮತ್ತೆ ಅಂಚಿನವರೆಗೆ ಹರಡುತ್ತದೆ; ಕೋಶ ಸತ್ತಿದ್ದರೆ ಹರಡುವುದಿಲ್ಲ.

ನೀರು ಕೊಬ್ಬಿನ ಎರಡು ಪದರಗಳ ಪೊರೆಯನ್ನು ಇಷ್ಟು ವೇಗವಾಗಿ ದಾಟುವುದು ಹೇಗೆಂಬುದು ಬಹುಕಾಲ ಬಗೆಹರಿಯದ ಪ್ರಶ್ನೆಯಾಗಿತ್ತು. ಕೆಂಪು ರಕ್ತಕಣದ ಪೊರೆಯಲ್ಲಿ ಸಿಕ್ಕಿದ ಒಂದು ಪ್ರೋಟೀನ್ ನೀರಿನ ದಾರಿ ಎಂದು ಪೀಟರ್ ಆಗ್ರೆಯವರ ತಂಡ 1992ರಲ್ಲಿ ತೋರಿಸಿತು. ಆ ಪ್ರೋಟೀನನ್ನು ತಯಾರಿಸುವಂತೆ ಮಾಡಿದ ಕಪ್ಪೆಯ ಮೊಟ್ಟೆಗಳು ಸಪ್ಪೆ ನೀರಿನಲ್ಲಿ ಉಬ್ಬಿ ಒಡೆದವು, ಉಳಿದವು ಹಾಗೇ ಇದ್ದವು. ಅಕ್ವಾಪೋರಿನ್ ಎಂಬ ಈ ಪ್ರೋಟೀನಿಗಾಗಿ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿತು.

ಇನ್ನು ಉಪ್ಪನ್ನು ಸಾಗಿಸುವ ಪಂಪಿನ ಕಥೆ ಕರಾವಳಿಯವರಿಗೆ ಇಷ್ಟವಾಗಬೇಕು, ಏಕೆಂದರೆ ಅದು ಸಿಕ್ಕಿದ್ದು ಏಡಿಯ ಕಾಲಿನಲ್ಲಿ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ಕಾಲಿನ ನರಗಳಿಂದ ಪೊರೆಯ ಚೂರುಗಳನ್ನು ಬೇರ್ಪಡಿಸಿ, ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡೂ ಇದ್ದಾಗ ಎಟಿಪಿಯನ್ನು ಚುರುಕಾಗಿ ಒಡೆಯುವ ಕಿಣ್ವವನ್ನು 1957ರಲ್ಲಿ ವರದಿ ಮಾಡಿದರು. ಆ ಕಿಣ್ವವೇ ಈ ಪಂಪ್. ಒಂದು ಎಟಿಪಿಗೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ: ನಾವು ಮಲಗಿದ್ದಾಗಲೂ ದೇಹದ ಶಕ್ತಿಯ ದೊಡ್ಡದೊಂದು ಪಾಲು ಈ ಒಂದು ಕೆಲಸಕ್ಕೇ ವೆಚ್ಚವಾಗುತ್ತದೆ.

ಈ ಪಂಪ್, ಸಕ್ಕರೆ ಮತ್ತು ನೀರು ಮೂರೂ ಕೂಡಿ ಮಾಡುವ ಕೆಲಸದ ಮೇಲೆ ನಿಂತದ್ದೇ ಭೇದಿಯಾದವರಿಗೆ ಕುಡಿಸುವ ಉಪ್ಪು-ಗ್ಲೂಕೋಸ್ ದ್ರಾವಣವಾದ ಓಆರ್‌ಎಸ್. ಕರುಳಿನ ಒಳಗೋಡೆಯ ಕೋಶದಲ್ಲಿ ಪಂಪ್ ಇರುವುದು ರಕ್ತದ ಕಡೆಯ ಪೊರೆಯಲ್ಲಿ. ಅದು ಸೋಡಿಯಂ ಅನ್ನು ಸತತವಾಗಿ ಆಚೆ ಹಾಕುವುದರಿಂದ ಕೋಶದೊಳಗೆ ಸೋಡಿಯಂ ಕಡಿಮೆಯಿರುತ್ತದೆ. ಕರುಳಿನ ಕಡೆಯ ಪೊರೆಯಲ್ಲಿರುವ ಇನ್ನೊಂದು ಪ್ರೋಟೀನ್ ಆ ಇಳಿಜಾರನ್ನು ಬಳಸಿಕೊಂಡು ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿ ಒಳಗೆ ತರುತ್ತದೆ, ನೀರು ಹಿಂಬಾಲಿಸುತ್ತದೆ. ಕಾಲರಾದಲ್ಲಿ ಕ್ಲೋರೈಡ್ ಮತ್ತು ನೀರು ಕರುಳಿಗೆ ಸೋರಿ ಹೋಗುತ್ತಿದ್ದರೂ ಈ ಜೋಡಿ ದಾರಿ ಕೆಡುವುದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬಾಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಅವರು ಸಲೈನ್ ಬಾಟಲಿಗಳು ಮುಗಿಯುತ್ತಾ ಬಂದಾಗ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಅಸಂಖ್ಯ ಜೀವ ಉಳಿಸಿದ್ದು ಈ ದಾರಿಯಿಂದಲೇ.

ನಮ್ಮಲ್ಲಿ ಭೇದಿಯಾದವರಿಗೆ ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕೊಡುವುದುಂಟು. ಅಕ್ಕಿಯ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುವುದರಿಂದ ಅದೂ ಇದೇ ಬಾಗಿಲಿನಿಂದ ಒಳಹೋಗುತ್ತದೆ. ಆದರೆ ಅಂದಾಜಿನ ಗಂಜಿತಿಳಿ ಪೊಟ್ಟಣಕ್ಕೆ ಬದಲಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು ಮತ್ತು 13.5 ಗ್ರಾಂ ಗ್ಲೂಕೋಸ್ ಇದ್ದು, ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್ ಕೂಡ ಸೇರಿವೆ. ಈ ಅಳತೆಯನ್ನು ಮೀರಿ ಸಕ್ಕರೆ ಸುರಿದರೆ, ಅಥವಾ ಸಿಹಿ ತಂಪು ಪಾನೀಯವನ್ನೇ ಕುಡಿಸಿದರೆ, ಕರುಳಿನೊಳಗಿನ ದ್ರವ ರಕ್ತಕ್ಕಿಂತ ಗಾಢವಾಗಿ, ಭರಣಿಯ ಉಪ್ಪು ಮಿಡಿಗೆ ಮಾಡಿದ್ದನ್ನೇ ಅದು ದೇಹಕ್ಕೆ ಮಾಡುತ್ತದೆ ಮತ್ತು ಭೇದಿ ಹೆಚ್ಚುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಪೂರ್ತಿ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ನೀರಿಗೇ ಬೆರೆಸಬೇಕು. ಲೋಟಕ್ಕೆ ಒಂದು ಚಿಟಿಕೆಯಂತೆ ಹಾಕಿ ಕೊಡಬಾರದು.