ಅವ್ವನ ಕೀಲಿಕೈಗೆ ಹೊಸ ಹಿಡಿಕೆ

ಅವ್ವನ ಬೆರಳಿನ ಗಂಟುಗಳು ಬಾತಿವೆ. ಅಲ್ಮಾರಿಯ ಸಣ್ಣ ಕೀಲಿಕೈ ತಿರುಗಿಸುವುದೇ ಕಷ್ಟ. ಅದಕ್ಕೇ ಪಾಲಿಕ್ಯಾಪ್ರೊಲ್ಯಾಕ್ಟೋನ್ ಕಾಳು ತರಿಸಿದೆ. ಸುಮಾರು 60 ಡಿಗ್ರಿಗೇ ಕರಗುವ ಪ್ಲಾಸ್ಟಿಕ್ ಇದು. ಬಿಸಿನೀರಿಗೆ ಹಾಕಿದರೆ ಬಿಳಿ ಕಾಳು ಪಾರದರ್ಶಕವಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಚಮಚದಿಂದ ಎತ್ತಿ, ನೀರು ಝಾಡಿಸಿ, ಜೋಳದ ಹಿಟ್ಟಿನಂತೆ ನಾದಬೇಕು. ಲೋಹಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ. ಹಾಗಾಗಿ ಕೀಲಿಕೈಯ ತೂತಿನೊಳಗೆ ಹಾಯಿಸಿ ಎರಡೂ ಬದಿ ಬೆಸೆದೆ. ಮೆತ್ತಗಿರುವಾಗಲೇ ಅವ್ವನ ಕೈಗೆ ಕೊಟ್ಟೆ. ಒತ್ತಿ ಹಿಡಿದಳು, ಅವಳ ಬೆರಳಿನ ಅಚ್ಚೇ ಹಿಡಿಕೆಯಾಯಿತು! ಅಂಗಡಿಯ ಯಾವ ಹಿಡಿಕೆಯೂ ಅವ್ವನ ಕೈ ನೋಡಿ ಮಾಡಿದ್ದಲ್ಲ. ಆರಿದ ಮೇಲೆ ಮತ್ತೆ ಬೆಳ್ಳಗೆ, ಗಟ್ಟಿ. ಆಕಾರ ಬದಲಿಸಬೇಕೆಂದರೆ ಮತ್ತೆ ಬಿಸಿನೀರಿಗೆ ಹಾಕಿದರಾಯಿತು. ಬಿಸಿ ಪಾತ್ರೆಯ ಹಿಡಿಕೆಗೆ ಮಾತ್ರ ಬೇಡ. ನಮ್ಮ ಕಲಬುರಗಿಯ ಮೇ ಬಿಸಿಲಲ್ಲಿ ನಿಂತ ಕಾರಿನೊಳಗೂ ಬಿಡಬೇಡಿ, ಮೆತ್ತಗಾಗಿಬಿಡುತ್ತದೆ.