ಜಿಗಣೆ ಕಚ್ಚಿದ ಜಾಗ

ಜುಲೈ ಮಳೆಯಲ್ಲಿ ಸೋಮವಾರಪೇಟೆ ಕಡೆಯ ಕಾಫಿ ತೋಟಕ್ಕಿಳಿದವರಿಗೆ ಜಿಗಣೆ ಹೊಸದಲ್ಲ. ಸುಣ್ಣ ಮುಟ್ಟಿಸಿದರೆ ಬೀಳುತ್ತದೆ. ಅಪ್ಪನಿಗೆ ಮಾತ್ರ ಅವತ್ತು ರಾತ್ರಿ ಊಟದ ಹೊತ್ತಿಗೂ ಪಂಚೆಯ ಅಂಚು ರಕ್ತದಿಂದ ಒದ್ದೆ. "ಜಿಗಣೆ ಎಂಜಲೇ ಹಾಗೆ, ಬಿಡು" ಅಂದರು. ನಿಜವೇ, ಆ ಎಂಜಲು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಆದರೆ ಅಪ್ಪನಿಗೆ ಲಿವರ್ ಸಿರೋಸಿಸ್, ಅಂದರೆ ಲಿವರ್ ಹಾಳಾಗಿ ಗಟ್ಟಿಯಾಗುವ ಕಾಯಿಲೆ, ಶುರುವಾಗಿ ಮೂರು ವರ್ಷ.

ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು, ಪ್ಲೇಟ್‌ಲೆಟ್, 62 ಸಾವಿರ. ಒಂದೂವರೆ ಲಕ್ಷವಾದರೂ ಇರಬೇಕಿತ್ತು. ಊದಿಕೊಂಡ ಗುಲ್ಮ ಅವನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದಂತೆ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ಐಎನ್‌ಆರ್ 1.8; ಒಂದರ ಆಸುಪಾಸಿನಲ್ಲಿರಬೇಕಿತ್ತು. ರಕ್ತ ತೆಳ್ಳಗಿದೆ, ಹೆಪ್ಪಿನ ಭಯವಾದರೂ ಇಲ್ಲವಲ್ಲ ಅಂತ ನಾನೇ ಲೆಕ್ಕ ಹಾಕಿದ್ದೆ. ಶುದ್ಧ ತಪ್ಪು. ಸೆಪ್ಟೆಂಬರ್‌ನಲ್ಲಿ ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ, ಲಿವರ್‌ಗೆ ಹೋಗುವ ಪೋರ್ಟಲ್ ರಕ್ತನಾಳದಲ್ಲೇ ಹೆಪ್ಪು!

ಹೆಪ್ಪುಗಟ್ಟಿಸುವ ಪ್ರೋಟೀನುಗಳ ಜೊತೆಗೆ ಅದನ್ನು ತಡೆಯುವ ಪ್ರೋಟೀನ್ ಸಿ, ಆಂಟಿಥ್ರಾಂಬಿನ್‌ಗಳನ್ನೂ ತಯಾರಿಸುವುದು ಲಿವರೇ ಎಂದರು ಡಾಕ್ಟರಮ್ಮ. ಎರಡೂ ಕಡಿಮೆಯಾದರೆ ತಕ್ಕಡಿ ಯಾವ ಕಡೆಗಾದರೂ ವಾಲಬಹುದು. ಐಎನ್‌ಆರ್ ನೋಡುವುದು ಒಂದು ತಟ್ಟೆಯನ್ನಷ್ಟೇ. ಮೊದಲು ಎಂಡೋಸ್ಕೋಪಿ ಮಾಡಿ, ಅನ್ನನಾಳದಲ್ಲಿ ಉಬ್ಬಿದ್ದ ರಕ್ತನಾಳಗಳು ಒಡೆದು ರಕ್ತ ಸುರಿಯದಿರಲೆಂದು ಬ್ಯಾಂಡ್ ಹಾಕಿದರು. ಹೆಪ್ಪು ಬೆಳೆಯದಂತೆ ಇಂಜೆಕ್ಷನ್ ಶುರುವಾದದ್ದು ಆಮೇಲೆಯೇ.

ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುತ್ತಿದ್ದ ಮಾತ್ರೆ, ರಕ್ತಸ್ರಾವದ ಭಯಕ್ಕೆ, ಈಗ ಬಂದ್. ಅಪ್ಪನಿಗೆ ಸಿಟ್ಟು ಅದಕ್ಕೇ. ತೋಟಕ್ಕಂತೂ ಹೋಗುತ್ತಾರೆ, ಮಂಡಿವರೆಗೆ ಸಾಕ್ಸು, ಜೇಬಲ್ಲಿ ಸುಣ್ಣದ ಡಬ್ಬಿ.